ದರದ ಸಮಾನತೆ, ಗಳಿಕೆಯ ಸಮಾನತೆ: ಗೋಗಿ ಸೀಮೆಯ ಹೊಲಗೆಲಸದಿಂದ ಮಹಿಳಾ ಕ್ರಿಕೆಟ್‌ವರೆಗೆ

ಪ್ರವೇಶ

ಯಾದಗಿರಿ ಜಿಲ್ಲೆಯ ಶಹಾಪುರಕ್ಕೆ ಸಮೀಪದ ಗೋಗಿ, ದಖ್ಖನಿನ ಇತಿಹಾಸದಲ್ಲಿ ಎರಡು ಕಾರಣಗಳಿಗಾಗಿ ಉಲ್ಲೇಖಗೊಳ್ಳುತ್ತ ಬಂದ ಊರು. ಸೂಫಿ ಸಂತ ಚಂದಾ ಹುಸೇನಿಯವರ ದರ್ಗಾ ಇಲ್ಲಿದೆ ಎಂಬುದು ಒಂದು. ಬಿಜಾಪುರದ ಆದಿಲಶಾಹಿ ಮನೆತನದ ಸ್ಥಾಪಕ ಯೂಸುಫ್ ಆದಿಲಖಾನ್ ಹಾಗೂ ಅವನ ನಂತರದ ಇಸ್ಮಾಯಿಲ್ ಮತ್ತು ಮೊದಲನೆಯ ಇಬ್ರಾಹಿಂ ಆ ದರ್ಗಾದ ಆವರಣದಲ್ಲಿಯೇ ಸಮಾಧಿಗೊಂಡರು ಎಂಬುದು ಇನ್ನೊಂದು. ಅರಸರ ಸಮಾಧಿಗಳ ಮೂಲಕ ಗುರುತಿಸಲಾಗುವ ಇಂತಹ ಊರಿನಲ್ಲಿ ಆ ಸಮಾಧಿಗಳ ಸುತ್ತಲಿನ ಕರಿಮಣ್ಣಿನ ಹೊಲಗಳಲ್ಲಿ ಜೋಳ, ತೊಗರಿ, ಹತ್ತಿ ಬೆಳೆದವರ ದಿನಗೂಲಿ ಎಷ್ಟಿತ್ತು, ಅದರಲ್ಲಿಯೂ ಹೆಣ್ಣಾಳಿನ ಕೂಲಿ ಗಂಡಾಳಿನ ಕೂಲಿಗಿಂತ ಎಷ್ಟು ಕಡಿಮೆಯಿತ್ತು ಎಂಬ ಪ್ರಶ್ನೆ ಚರಿತ್ರೆಯ ಪುಟಗಳಲ್ಲಿ ಏಳುವುದೇ ವಿರಳ. ಕಟ್ಟಡ ಉಳಿಯುತ್ತದೆ, ಶಾಸನ ಉಳಿಯುತ್ತದೆ. ಸಂಜೆಗೆ ಉಡಿಯಲ್ಲಿ ಕಟ್ಟಿಕೊಂಡು ಹೋದ ಕಾಳಿನ ಲೆಕ್ಕ ಉಳಿಯುವುದಿಲ್ಲ.

ದುಡಿಮೆ ಒಂದೇ ಆಗಿದ್ದರೂ ದುಡಿಯುವವರು ಹೆಣ್ಣೋ ಗಂಡೋ ಎಂಬುದರ ಮೇಲೆ ಪ್ರತಿಫಲ ನಿಗದಿಯಾಗುವ ಪದ್ಧತಿಯು ಹೊಲಕ್ಕೆ ಮಾತ್ರ ಸೀಮಿತವಾದುದಲ್ಲ. ಕಚೇರಿ, ಕಾರ್ಖಾನೆ, ಆಟದ ಮೈದಾನ, ಆ ಆಟವನ್ನು ಬಿತ್ತರಿಸುವ ಆಕಾಶವಾಣಿ ಹಾಗೂ ದೂರದರ್ಶನದ ಕೊಠಡಿಗಳು, ಹೀಗೆ ಎಲ್ಲೆಡೆ ಅದು ಬೇರೆ ಬೇರೆ ರೂಪಗಳಲ್ಲಿ ಕಾಣಿಸಿಕೊಂಡಿದೆ. ಪ್ರಸ್ತುತ ಪ್ರಬಂಧವು ಕಲ್ಯಾಣ ಕರ್ನಾಟಕದ ಹೊಲಗೆಲಸ ಮತ್ತು ಕರ್ನಾಟಕದ ಮಹಿಳಾ ಕ್ರಿಕೆಟ್ ಎಂಬ ಎರಡು ಕ್ಷೇತ್ರಗಳನ್ನು ಅಕ್ಕಪಕ್ಕದಲ್ಲಿಟ್ಟು, ಸಮಾನ ವೇತನದ ತತ್ತ್ವವು ಕಾಗದದಿಂದ ಕೈಗೆ ಬಂದ ದಾರಿಯನ್ನು ಪರಿಶೀಲಿಸುತ್ತದೆ. ಮೇಲ್ನೋಟಕ್ಕೆ ದೂರದೂರವಾಗಿ ತೋರುವ ಈ ಎರಡೂ ಕ್ಷೇತ್ರಗಳಲ್ಲಿ ಒಂದೇ ಬಗೆಯ ತೊಡಕು ಎದುರಾಗುತ್ತದೆ. ದಿನದ ಅಥವಾ ಪಂದ್ಯದ ದರವನ್ನು ಸಮಗೊಳಿಸಿದ ಮಾತ್ರಕ್ಕೆ ವರ್ಷದ ಗಳಿಕೆ ಸಮವಾಗುವುದಿಲ್ಲ ಎಂಬುದೇ ಆ ತೊಡಕು.

ಕಾಯಕ ಪರಂಪರೆಯಲ್ಲಿ ಹೆಣ್ಣಿನ ದುಡಿಮೆ

ಗೋಗಿ ಸೀಮೆಯಲ್ಲಿ ದುಡಿಮೆಯ ಕುರಿತ ಚಿಂತನೆಗೆ ದೀರ್ಘ ಪರಂಪರೆಯಿದೆ. ಸುರಪುರ ಪರಿಸರದ ಮುದನೂರು ಆದ್ಯ ವಚನಕಾರರಲ್ಲಿ ಒಬ್ಬನಾದ ದೇವರ ದಾಸಿಮಯ್ಯನ ಊರು. ನೇಯ್ಗೆಯನ್ನು ಕಾಯಕವಾಗಿ ಹೊಂದಿದ್ದ ದಾಸಿಮಯ್ಯ ಮತ್ತು ಅವನ ಸತಿ ದುಗ್ಗಳೆ ಇಬ್ಬರೂ ವಚನಗಳನ್ನು ರಚಿಸಿದವರು. ದೇಹದ ಗುರುತುಗಳಿಂದ ಹೆಣ್ಣು ಗಂಡೆಂದು ಕರೆದರೂ ಒಳಗಿನ ಆತ್ಮಕ್ಕೆ ಆ ಭೇದವಿಲ್ಲ ಎಂಬ ವಿಚಾರವನ್ನು ದಾಸಿಮಯ್ಯನು ಮಂಡಿಸಿದುದು ಕನ್ನಡ ಓದುಗರಿಗೆಲ್ಲ ತಿಳಿದ ಸಂಗತಿ.

ಹನ್ನೆರಡನೆಯ ಶತಮಾನದ ಶರಣೆಯರ ಹೆಸರುಗಳೇ ಒಂದು ಬಗೆಯ ಆರ್ಥಿಕ ದಾಖಲೆಯಾಗಿವೆ. ಕೊಟ್ಟಣದ ಸೋಮಮ್ಮ, ಕದಿರ ರೆಮ್ಮವ್ವೆ, ಆಯ್ದಕ್ಕಿ ಲಕ್ಕಮ್ಮ ಮೊದಲಾದ ಹೆಸರುಗಳಲ್ಲಿ ಕುಟ್ಟುವ, ನೂಲುವ, ಆಯುವ ಕೆಲಸಗಳು ವ್ಯಕ್ತಿಯ ಗುರುತಾಗಿ ನಿಂತಿವೆ. ಮನೆಯೊಳಗಿನ ಹೆಸರಿಲ್ಲದ ಚಾಕರಿ ಎನಿಸಿದ್ದ ಕೆಲಸ ಇಲ್ಲಿ ಕಾಯಕದ ಗೌರವವನ್ನು ಪಡೆದಿದೆ. ಆಯ್ದಕ್ಕಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮ ಹೇಳಿದಳೆಂಬ ಪ್ರಸಂಗವನ್ನು ಸಾಮಾನ್ಯವಾಗಿ ನಿರ್ಲೋಭದ ನಿದರ್ಶನವೆಂದು ವಿವರಿಸಲಾಗುತ್ತದೆ. ಅದರಲ್ಲಿ ಇನ್ನೊಂದು ಅಂಶವೂ ಇದೆ. ದುಡಿಮೆಗೆ ತಕ್ಕ ಪ್ರತಿಫಲದ ಅಳತೆ ಯಾವುದೆಂಬುದನ್ನು ಇಲ್ಲಿ ತೀರ್ಮಾನಿಸುವವಳು ಹೆಂಡತಿ.

ವಚನ ಚಳವಳಿಯು ಇಂದಿನ ಅರ್ಥದ ಸಮಾನ ವೇತನವನ್ನು ಪ್ರತಿಪಾದಿಸಿತೆಂದು ಹೇಳುವುದು ಕಾಲವಿಪರ್ಯಾಸವಾದೀತು. ಕಾಯಕದ ಪರಿಕಲ್ಪನೆ ಕೂಲಿ ಸಂಬಂಧದ ಪರಿಕಲ್ಪನೆಯಲ್ಲ. ಆದರೆ ದುಡಿಮೆಯ ಬೆಲೆಯನ್ನು ದುಡಿಯುವವರ ಲಿಂಗದಿಂದ ಅಳೆಯಬಾರದು ಎಂಬ ನೈತಿಕ ನಿಲುವು ಈ ನೆಲಕ್ಕೆ ಹೊರಗಿನಿಂದ ಬಂದದ್ದಲ್ಲ ಎಂಬುದನ್ನು ಮಾತ್ರ ಇದರಿಂದ ಗುರುತಿಸಬಹುದು.

ಗಂಡಾಳು, ಹೆಣ್ಣಾಳು

ಆ ನಿಲುವು ಹೊಲದ ವ್ಯವಹಾರದಲ್ಲಿ ನೆಲೆಗೊಳ್ಳಲಿಲ್ಲ. ಗಂಡಾಳು, ಹೆಣ್ಣಾಳು ಎಂಬ ಜೋಡಿ ಪದಗಳೇ ಇದಕ್ಕೆ ಸಾಕ್ಷಿ. ಗಳೆ ಹೊಡೆಯುವುದು, ಮೂಟೆ ಹೊರುವುದು, ಬದು ಹಾಕುವುದು ಗಂಡಾಳಿನ ಕೆಲಸಗಳೆನಿಸಿದವು. ಕಳೆ ಕೀಳುವುದು, ಹತ್ತಿ ಬಿಡಿಸುವುದು, ಕಾಳು ಹಸನು ಮಾಡುವುದು ಹೆಣ್ಣಾಳಿನ ಕೆಲಸಗಳೆನಿಸಿದವು. ಮೊದಲನೆಯದಕ್ಕೆ ಹೆಚ್ಚು ಕೂಲಿ, ಎರಡನೆಯದಕ್ಕೆ ಕಡಿಮೆ ಕೂಲಿ. ಇದಕ್ಕೆ ಕೊಡುತ್ತಿದ್ದ ಕಾರಣ ದೈಹಿಕ ಶ್ರಮ. ಆದರೆ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿನಲ್ಲಿ ಬಾಗಿ ಕಳೆ ಕೀಳುವ ಶ್ರಮವನ್ನು ಗಳೆಯ ಹಿಂದೆ ನಡೆಯುವ ಶ್ರಮಕ್ಕಿಂತ ಕಡಿಮೆಯೆಂದು ಅಳೆದ ತಕ್ಕಡಿ ಯಾವುದು ಎಂಬುದಕ್ಕೆ ಉತ್ತರವಿರಲಿಲ್ಲ. ಕೆಲಸ ಹಗುರವಾದುದರಿಂದ ಕೂಲಿ ಕಡಿಮೆಯಾಯಿತೆನ್ನುವುದಕ್ಕಿಂತ, ಹೆಣ್ಣುಮಕ್ಕಳು ಮಾಡುವುದರಿಂದ ಕೆಲಸ ಹಗುರವೆನಿಸಿತು ಎನ್ನುವುದೇ ಹೆಚ್ಚು ಸರಿ.

1948ರ ಸೆಪ್ಟೆಂಬರಿನವರೆಗೆ ಈ ಪ್ರದೇಶ ನಿಜಾಮರ ಹೈದರಾಬಾದು ಸಂಸ್ಥಾನಕ್ಕೆ ಸೇರಿತ್ತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯ ಭಾಗವಾಗಿ ವಿಶಾಲ ಮೈಸೂರು ರಾಜ್ಯವನ್ನು ಸೇರಿತು. 2009ರ ಡಿಸೆಂಬರ್ 30ರಂದು ಯಾದಗಿರಿ ಪ್ರತ್ಯೇಕ ಜಿಲ್ಲೆಯಾಯಿತು. 1964ರಲ್ಲಿ ಆಲಮಟ್ಟಿಯಲ್ಲಿ ಅಡಿಗಲ್ಲು ಕಂಡ ಕೃಷ್ಣಾ ಮೇಲ್ದಂಡೆ ಯೋಜನೆಯ ಫಲವಾಗಿ ನಾರಾಯಣಪುರದ ಬಸವಸಾಗರದಿಂದ ಕಾಲುವೆಗಳು ಶಹಾಪುರ, ಸುರಪುರ ಸೀಮೆಗೆ ಬಂದವು. ಜೋಳದ ಹೊಲಗಳಲ್ಲಿ ಕೆಲವೆಡೆ ಭತ್ತದ ಗದ್ದೆಗಳಾದವು, ಹತ್ತಿಯ ವಿಸ್ತಾರ ಹೆಚ್ಚಿತು. ನಾಟಿ ಮತ್ತು ಹತ್ತಿ ಬಿಡಿಸುವಿಕೆ ಎರಡೂ ಬಹುಮಟ್ಟಿಗೆ ಹೆಣ್ಣುಮಕ್ಕಳ ಕೆಲಸಗಳು. ಹೀಗಾಗಿ ಅವರ ದುಡಿಮೆಗೆ ಬೇಡಿಕೆ ಏರಿತು. ಹೆಣ್ಣಾಳು, ಗಂಡಾಳು ಎಂಬ ಎರಡು ದರಗಳ ಪದ್ಧತಿ ಮಾತ್ರ ಮುಂದುವರಿಯಿತು. ನೀರು ಬಾರದ ಹಳ್ಳಿಗಳಿಂದ ಬೆಂಗಳೂರು, ಪುಣೆ, ಮುಂಬಯಿ, ಹೈದರಾಬಾದುಗಳಿಗೆ ಗುಳೆ ಹೋಗುವ ಕುಟುಂಬಗಳಲ್ಲಿ ಗಂಡ ಹೆಂಡಿರಿಬ್ಬರೂ ಒಂದೇ ಕಟ್ಟಡದ ಕೆಲಸದಲ್ಲಿ ದುಡಿದರೂ ಎರಡು ದರಗಳ ಪದ್ಧತಿ ಅವರೊಡನೆ ಪಟ್ಟಣಕ್ಕೂ ಪ್ರಯಾಣ ಮಾಡಿತು.

ಕಾನೂನಿನ ಹಾದಿ

ಸಮಾನ ಕೆಲಸಕ್ಕೆ ಸಮಾನ ವೇತನವೆಂಬ ತತ್ತ್ವ ಸ್ವತಂತ್ರ ಭಾರತದ ಸಂವಿಧಾನದ 39ನೆಯ ಅನುಚ್ಛೇದದಲ್ಲಿ ರಾಜ್ಯನೀತಿಯ ನಿರ್ದೇಶಕ ತತ್ತ್ವವಾಗಿ ಸೇರ್ಪಡೆಯಾಯಿತು. ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆಯು 1951ರಲ್ಲಿ ಅಂಗೀಕರಿಸಿದ ಸಮಾನ ಸಂಭಾವನೆಯ ಒಡಂಬಡಿಕೆಯನ್ನು ಭಾರತ 1958ರಲ್ಲಿ ಅನುಮೋದಿಸಿತು. ಆದರೂ ಕಾಯ್ದೆಯೊಂದು ಬರಲು ಮತ್ತೆ ಹದಿನೇಳು ವರ್ಷ ಬೇಕಾದವು. 1974ರಲ್ಲಿ ಭಾರತೀಯ ಮಹಿಳೆಯರ ಸ್ಥಾನಮಾನ ಕುರಿತ ಸಮಿತಿಯು ಸಲ್ಲಿಸಿದ ವರದಿ ಕೂಲಿ ತಾರತಮ್ಯವನ್ನು ದೇಶದ ಮುಂದಿಟ್ಟಿತು. ವಿಶ್ವಸಂಸ್ಥೆ ಅಂತಾರಾಷ್ಟ್ರೀಯ ಮಹಿಳಾ ವರ್ಷವೆಂದು ಘೋಷಿಸಿದ 1975ರ ಸೆಪ್ಟೆಂಬರಿನಲ್ಲಿ ಸಮಾನ ಸಂಭಾವನೆಯ ಅಧ್ಯಾದೇಶ ಹೊರಬಿದ್ದಿತು. 1976ರ ಫೆಬ್ರವರಿಯಲ್ಲಿ ಅದು ಸಮಾನ ಸಂಭಾವನೆ ಕಾಯ್ದೆಯಾಯಿತು.

ಒಂದೇ ಕೆಲಸ ಅಥವಾ ಸದೃಶ ಸ್ವರೂಪದ ಕೆಲಸಕ್ಕೆ ಒಂದೇ ಸಂಭಾವನೆ ಎಂಬುದು ಈ ಕಾಯ್ದೆಯ ತಿರುಳು. ಸದೃಶ ಎಂಬ ಪದ ಇಲ್ಲಿ ಮುಖ್ಯ. ಮಹಿಳಾ ಶೀಘ್ರಲಿಪಿಕಾರರಿಗೆ ಪುರುಷ ಶೀಘ್ರಲಿಪಿಕಾರರಿಗಿಂತ ಕಡಿಮೆ ವೇತನ ನೀಡುತ್ತಿದ್ದ ಮೆಕಿನ್ನನ್ ಮೆಕೆಂಜಿ ಪ್ರಕರಣದಲ್ಲಿ 1987ರಲ್ಲಿ ತೀರ್ಪಿತ್ತ ಸರ್ವೋಚ್ಚ ನ್ಯಾಯಾಲಯವು, ಕೆಲಸಗಳ ನಡುವಿನ ಚಿಕ್ಕಪುಟ್ಟ ವ್ಯತ್ಯಾಸಗಳನ್ನು ಮುಂದಿಟ್ಟು ವೇತನ ಭೇದವನ್ನು ಸಮರ್ಥಿಸಲಾಗದು ಎಂಬ ನಿಲುವನ್ನು ತಳೆಯಿತು. ಸಂಸ್ಥೆಯ ಆರ್ಥಿಕ ಅಸಾಮರ್ಥ್ಯವೂ ಕಾಯ್ದೆಯ ಪಾಲನೆಯಿಂದ ವಿನಾಯಿತಿ ನೀಡುವುದಿಲ್ಲವೆಂದು ಆ ತೀರ್ಪು ಸ್ಪಷ್ಟಪಡಿಸಿತು. ಸಮಾನ ಸಂಭಾವನೆ ಕಾಯ್ದೆಯ ಜಾಗದಲ್ಲಿ ಈಗ 2019ರ ವೇತನ ಸಂಹಿತೆ ಇದ್ದು, ಅದು 2025ರ ನವೆಂಬರ್ 21ರಿಂದ ಜಾರಿಗೆ ಬಂದಿದೆ.

ಗೋಗಿಯಂತಹ ಗ್ರಾಮಗಳ ಮಟ್ಟಿಗೆ ಈ ತತ್ತ್ವವು ಕೈಗೆ ತಾಕಿದುದು ಕಚೇರಿ, ಕಾರ್ಖಾನೆಗಳ ಮೂಲಕವಲ್ಲ, ಉದ್ಯೋಗ ಖಾತರಿಯ ಮೂಲಕ. 2005ರ ರಾಷ್ಟ್ರೀಯ ಗ್ರಾಮೀಣ ಉದ್ಯೋಗ ಖಾತರಿ ಕಾಯ್ದೆ 2006ರ ಫೆಬ್ರವರಿಯಲ್ಲಿ ದೇಶದ 200 ಜಿಲ್ಲೆಗಳಲ್ಲಿ ಆರಂಭವಾದಾಗ ಕರ್ನಾಟಕದಿಂದ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಅಂದಿನ ಗುಲಬರ್ಗಾವೂ ಒಂದಾಗಿತ್ತು. ಶಹಾಪುರ, ಸುರಪುರ ತಾಲೂಕುಗಳು ಆಗ ಆ ಜಿಲ್ಲೆಯಲ್ಲಿಯೇ ಇದ್ದವು. ಫಲಾನುಭವಿಗಳಲ್ಲಿ ಮೂರನೆಯ ಒಂದು ಭಾಗವಾದರೂ ಮಹಿಳೆಯರಿರಬೇಕು, ಲಿಂಗದ ಆಧಾರದ ಮೇಲೆ ಕೂಲಿಯಲ್ಲಿ ಭೇದವಿರಕೂಡದು ಎಂಬ ನಿಯಮಗಳು ಅದರಲ್ಲಿದ್ದವು. ಕರ್ನಾಟಕಕ್ಕೆ ಅಧಿಸೂಚಿತವಾದ ದಿನಗೂಲಿ 2021–22ರಲ್ಲಿ 289 ರೂಪಾಯಿ, 2023–24ರಲ್ಲಿ 316 ರೂಪಾಯಿ, 2025–26ರಲ್ಲಿ 370 ರೂಪಾಯಿ ಇತ್ತು. ಈ ಅಂಕಿಗಳ ಮುಂದೆ ಗಂಡು, ಹೆಣ್ಣು ಎಂಬ ಎರಡು ಸಾಲುಗಳಿರಲಿಲ್ಲ. ಇದಕ್ಕೆ ವ್ಯತಿರಿಕ್ತವಾಗಿ, ಕೇಂದ್ರ ಸರ್ಕಾರದ ಕಾರ್ಮಿಕ ಬ್ಯೂರೋ ಗ್ರಾಮೀಣ ಕೂಲಿ ದರಗಳ ಕುರಿತು ಪ್ರಕಟಿಸುತ್ತ ಬಂದ ಕೋಷ್ಟಕಗಳಲ್ಲಿ ಗಂಡಾಳು, ಹೆಣ್ಣಾಳುಗಳಿಗೆ ಪ್ರತ್ಯೇಕ ಸಾಲುಗಳಿವೆ. ಒಂದೇ ಸರ್ಕಾರದ ಈ ಎರಡು ಕೋಷ್ಟಕಗಳ ನಡುವಿನ ಅಂತರವೇ ಕಾನೂನಿಗೂ ರೂಢಿಗೂ ಇರುವ ಅಂತರ.

ಉದ್ಯೋಗ ಖಾತರಿಯ ಅನುಭವ ಇನ್ನೊಂದು ಪಾಠವನ್ನೂ ಕಲಿಸಿತು. ಕೂಲಿ ದರ ಸಮವಾಗಿತ್ತು, ಹಣ ದುಡಿದವಳ ಖಾತೆಗೆ ಸಂದಾಯವಾಗುವ ವ್ಯವಸ್ಥೆಯಿತ್ತು, ರಾಜ್ಯದ ಒಟ್ಟು ಮಾನವ ದಿನಗಳಲ್ಲಿ ಮಹಿಳೆಯರ ಪಾಲು ಅರ್ಧದ ಆಸುಪಾಸಿಗೆ ಬಂದಿತ್ತು. ಆದರೆ ಈ ಸಮಾನತೆ ಅನ್ವಯವಾದುದು ಕುಟುಂಬವೊಂದಕ್ಕೆ ವರ್ಷಕ್ಕೆ ಗರಿಷ್ಠ 100 ದಿನಗಳಿಗೆ ಮಾತ್ರ. ಉಳಿದ ದಿನಗಳಲ್ಲಿ ಅದೇ ಹೆಣ್ಣುಮಗಳು ಎರಡು ದರದ ಹೊಲಕ್ಕೇ ಮರಳಬೇಕಾಗಿತ್ತು. ಸಮಾನ ದರವೆಂಬುದು ಎಷ್ಟು ದಿನಗಳಿಗೆ ಅನ್ವಯಿಸುತ್ತದೆ ಎಂಬ ಪ್ರಶ್ನೆ ಇಲ್ಲಿ ಮೊದಲ ಬಾರಿಗೆ ಸ್ಪಷ್ಟವಾಗಿ ಎದ್ದಿತು. ಕ್ರಿಕೆಟ್ ಕ್ಷೇತ್ರದಲ್ಲಿಯೂ ಇದೇ ಪ್ರಶ್ನೆ ಮುಂದೆ ಎದುರಾಯಿತು.

1976: ಬೆಂಗಳೂರಿನ ಟೆಸ್ಟ್ ಪಂದ್ಯ

ಸಮಾನ ಸಂಭಾವನೆ ಕಾಯ್ದೆ ಜಾರಿಗೆ ಬಂದ ವರ್ಷದಲ್ಲಿಯೇ, 1976ರ ಅಕ್ಟೋಬರ್ 31ರಂದು ಭಾರತದ ಮಹಿಳಾ ತಂಡ ತನ್ನ ಮೊದಲ ಟೆಸ್ಟ್ ಪಂದ್ಯವನ್ನು ವೆಸ್ಟ್ ಇಂಡೀಸ್ ತಂಡದ ವಿರುದ್ಧ ಬೆಂಗಳೂರಿನಲ್ಲಿ ಆಡಲು ಆರಂಭಿಸಿತು. ತಂಡದ ನಾಯಕಿ ಬೆಂಗಳೂರಿನ ಶಾಂತಾ ರಂಗಸ್ವಾಮಿ. ಅದೇ ಸರಣಿಯ ಪಟ್ನಾ ಪಂದ್ಯದಲ್ಲಿ ಭಾರತ ಮೊದಲ ಟೆಸ್ಟ್ ಗೆಲುವನ್ನು ಕಂಡಿತು. 1977ರ ಜನವರಿಯಲ್ಲಿ ನ್ಯೂಜಿಲೆಂಡಿನ ಡ್ಯುನೆಡಿನ್‌ನಲ್ಲಿ ಶಾಂತಾ ಗಳಿಸಿದ 108 ಓಟಗಳು ಟೆಸ್ಟ್ ಪಂದ್ಯದಲ್ಲಿ ಭಾರತೀಯ ಮಹಿಳೆಯೊಬ್ಬರ ಮೊದಲ ಶತಕವೆನಿಸಿದವು. 1976ನೆಯ ಸಾಲಿನ ಅರ್ಜುನ ಪ್ರಶಸ್ತಿ ಅವರಿಗೆ ಸಂದಿತು.

ಈ ಪಂದ್ಯಗಳನ್ನು ಸಂಘಟಿಸಿದುದು ಪುರುಷರ ಕ್ರಿಕೆಟ್ಟನ್ನು ನಡೆಸುತ್ತಿದ್ದ ಭಾರತೀಯ ಕ್ರಿಕೆಟ್ ನಿಯಂತ್ರಣ ಮಂಡಳಿಯಲ್ಲ; 1973ರಲ್ಲಿ ಲಕ್ನೋದಲ್ಲಿ ನೋಂದಣಿಗೊಂಡ ಭಾರತೀಯ ಮಹಿಳಾ ಕ್ರಿಕೆಟ್ ಸಂಸ್ಥೆ. ಅದೇ ವರ್ಷ ಪುಣೆಯಲ್ಲಿ ನಡೆದ ಮೊದಲ ಅಂತರರಾಜ್ಯ ಪಂದ್ಯಾವಳಿಯಲ್ಲಿ ಭಾಗವಹಿಸಿದ ತಂಡಗಳು ಮೂರೇ. ಆಟಗಾರ್ತಿಯರು ರೈಲಿನ ಸಾಮಾನ್ಯ ಬೋಗಿಗಳಲ್ಲಿ ಪ್ರಯಾಣ ಮಾಡಿದುದು, ಶಾಲೆ ಹಾಗೂ ವಸತಿಗೃಹಗಳ ಸಾಮೂಹಿಕ ಕೊಠಡಿಗಳಲ್ಲಿ ತಂಗಿದುದು, ಬ್ಯಾಟು ಪ್ಯಾಡುಗಳನ್ನು ಹಂಚಿಕೊಂಡು ಆಡಿದುದು ಆ ತಲೆಮಾರಿನವರು ಅನೇಕ ಸಂದರ್ಶನಗಳಲ್ಲಿ ಹೇಳಿಕೊಂಡ ಸಂಗತಿಗಳು. ಪಂದ್ಯಕ್ಕೆ ಶುಲ್ಕವೆಂಬುದೇ ಇರಲಿಲ್ಲ. ಜೀವನೋಪಾಯಕ್ಕೆ ಬ್ಯಾಂಕು, ರೈಲ್ವೆ, ವಿಮಾನ ಸಂಸ್ಥೆಗಳ ನೌಕರಿಯೇ ಆಧಾರವಾಗಿತ್ತು. ಶಾಂತಾ ರಂಗಸ್ವಾಮಿ ಅವರೇ ಕೆನರಾ ಬ್ಯಾಂಕಿನ ಉದ್ಯೋಗಿಯಾಗಿದ್ದರು. ಮುಂದಿನ ದಶಕಗಳಲ್ಲಿ ರೈಲ್ವೆಯು ಮಹಿಳಾ ಕ್ರಿಕೆಟಿಗರ ದೊಡ್ಡ ಆಶ್ರಯದಾತನಾಯಿತು.

ಇಲ್ಲಿ ಒಂದು ವೈರುಧ್ಯ ಗಮನಾರ್ಹ. ಬ್ಯಾಂಕಿನ ಮೇಜಿನ ಮುಂದೆ ಕುಳಿತ ಶಾಂತಾ ಅವರಿಗೆ ಪುರುಷ ಸಹೋದ್ಯೋಗಿಗೆ ಸಮನಾದ ವೇತನವನ್ನು ಕಾನೂನು ಖಾತರಿಪಡಿಸಿತ್ತು. ದೇಶದ ನಾಯಕಿಯಾಗಿ ಮೈದಾನಕ್ಕೆ ಇಳಿದ ಶಾಂತಾ ಅವರಿಗೆ ಆ ಕಾನೂನಿನಿಂದ ಏನೂ ದೊರೆಯಲಿಲ್ಲ. 1976ರ ಕಾಯ್ದೆ ಉದ್ಯೋಗದಾತ ಮತ್ತು ಕೆಲಸಗಾರರ ಸಂಬಂಧವನ್ನು ಕಲ್ಪಿಸಿಕೊಂಡು ರೂಪುಗೊಂಡಿತ್ತು. ಆಟ ಹವ್ಯಾಸವೆನಿಸಿದ್ದಾಗ, ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಬೇರೆ ಬೇರೆ ಸಂಸ್ಥೆಗಳಿದ್ದಾಗ, ಹೋಲಿಸಬೇಕಾದ ಸಂಭಾವನೆಯೇ ಇರಲಿಲ್ಲ. ಹೊಲದಲ್ಲಿ ಕೆಲಸವನ್ನು ಗಂಡು ಕೆಲಸ, ಹೆಣ್ಣು ಕೆಲಸವೆಂದು ವಿಂಗಡಿಸಿ ಹೋಲಿಕೆಯನ್ನು ತಪ್ಪಿಸಿದಂತೆ, ಇಲ್ಲಿ ಸಂಸ್ಥೆಗಳ ವಿಂಗಡಣೆ ಹೋಲಿಕೆಯನ್ನು ತಪ್ಪಿಸಿತು. ಇದು ಭಾರತಕ್ಕೆ ವಿಶಿಷ್ಟವಾದುದಲ್ಲ. ಮಹಿಳೆಯರ ಮೊದಲ ವಿಶ್ವಕಪ್ 1973ರಲ್ಲಿ, ಪುರುಷರದಕ್ಕಿಂತ ಎರಡು ವರ್ಷ ಮೊದಲೇ, ಇಂಗ್ಲೆಂಡಿನಲ್ಲಿ ಒಬ್ಬ ಉದ್ಯಮಿಯ ದೇಣಿಗೆಯಿಂದ ನಡೆದಿತ್ತು. ಅದೇ 1973ರಲ್ಲಿ ಬಿಲ್ಲಿ ಜೀನ್ ಕಿಂಗ್ ಅವರ ಹೋರಾಟದ ಫಲವಾಗಿ ಅಮೆರಿಕದ ಮುಕ್ತ ಟೆನಿಸ್ ಪಂದ್ಯಾವಳಿ ಸಮಾನ ಬಹುಮಾನವನ್ನು ಒಪ್ಪಿತು. ವಿಂಬಲ್ಡನ್ ಅದನ್ನು ಒಪ್ಪಿದುದು 2007ರಲ್ಲಿ.

ವಿಲೀನದಿಂದ ಸಮಾನ ಶುಲ್ಕದವರೆಗೆ

2005ರಲ್ಲಿ ಅಂತಾರಾಷ್ಟ್ರೀಯ ಮಟ್ಟದಲ್ಲಿ ಮಹಿಳಾ ಮತ್ತು ಪುರುಷ ಕ್ರಿಕೆಟ್ ಸಂಸ್ಥೆಗಳು ಒಂದಾದವು. 2006ರಲ್ಲಿ ಭಾರತದಲ್ಲಿಯೂ ಮಹಿಳಾ ಕ್ರಿಕೆಟ್ ನಿಯಂತ್ರಣ ಮಂಡಳಿಯ ಆಡಳಿತಕ್ಕೆ ಬಂದಿತು. 2005ರ ವಿಶ್ವಕಪ್‌ನಲ್ಲಿ ಭಾರತ ಅಂತಿಮ ಪಂದ್ಯ ತಲುಪಿದಾಗ ಪಂದ್ಯವೊಂದಕ್ಕೆ ದೊರೆತುದು 1,000 ರೂಪಾಯಿ ಎಂದು ಅಂದಿನ ನಾಯಕಿ ಮಿತಾಲಿ ರಾಜ್ ನಂತರದ ವರ್ಷಗಳಲ್ಲಿ ತಿಳಿಸಿದ್ದಾರೆ. ವಿಲೀನದಿಂದ ಪ್ರಯಾಣ, ವಸತಿ, ತರಬೇತಿಯ ಮಟ್ಟ ಸುಧಾರಿಸಿತು. ಅಷ್ಟೇ ಮುಖ್ಯವಾಗಿ, ಒಂದೇ ಸೂರಿನಡಿ ಬಂದುದರಿಂದ ಹೋಲಿಕೆಯ ಪ್ರಶ್ನೆಯನ್ನು ತಪ್ಪಿಸುವಂತಿರಲಿಲ್ಲ.

ಮಂಡಳಿಯು ಮಹಿಳೆಯರಿಗೆ ಮೊದಲ ಬಾರಿಗೆ ವಾರ್ಷಿಕ ಗುತ್ತಿಗೆ ನೀಡಿದುದು 2015ರಲ್ಲಿ. ಆಗ ಮೇಲಿನ ಶ್ರೇಣಿಗೆ 15 ಲಕ್ಷ, ಕೆಳಗಿನ ಶ್ರೇಣಿಗೆ 10 ಲಕ್ಷ ರೂಪಾಯಿ ನಿಗದಿಯಾಯಿತು. 2018ರಲ್ಲಿ ಶ್ರೇಣಿಗಳು 50, 30 ಹಾಗೂ 10 ಲಕ್ಷ ರೂಪಾಯಿಗಳಿಗೆ ಏರಿದವು. ಅದೇ ವರ್ಷ ಪುರುಷರ ಅತ್ಯುನ್ನತ ಶ್ರೇಣಿಗೆ 7 ಕೋಟಿ ರೂಪಾಯಿ ನಿಗದಿಯಾಯಿತು. ಅಂದರೆ ಎರಡರ ನಡುವೆ ಹದಿನಾಲ್ಕು ಪಟ್ಟು ಅಂತರ. ಪುರುಷರ ಅತಿ ಕೆಳಗಿನ ಶ್ರೇಣಿಗೆ ನಿಗದಿಯಾದ 1 ಕೋಟಿ ರೂಪಾಯಿಯು ಮಹಿಳೆಯರ ಅತಿ ಮೇಲಿನ ಶ್ರೇಣಿಯ ಎರಡರಷ್ಟಾಗಿತ್ತು.

ಈ ಅಂಕಿಗಳ ಹಿಂದಿನ ಬದುಕನ್ನು ಅರಿಯಲು ಗೋಗಿಯನ್ನು ಒಂದು ಕಾಲಕ್ಕೆ ಆಳಿದ ಬಿಜಾಪುರದತ್ತ, ಅಂದರೆ ಇಂದಿನ ವಿಜಯಪುರದತ್ತ ನೋಡಬಹುದು. 1991ರಲ್ಲಿ ಅಲ್ಲಿ ಜನಿಸಿದ ಎಡಗೈ ಸ್ಪಿನ್ನರ್ ರಾಜೇಶ್ವರಿ ಗಾಯಕವಾಡ, 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ ಡರ್ಬಿಯಲ್ಲಿ ಜುಲೈ 15ರಂದು 15 ಓಟಗಳಿಗೆ 5 ಹುದ್ದರಿಗಳನ್ನು ಪಡೆದು ಭಾರತವನ್ನು ಉಪಾಂತ್ಯಕ್ಕೆ ತಲುಪಿಸಿದರು. ಅದೇ ಪಂದ್ಯದಲ್ಲಿ ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಗಳಲ್ಲಿ 70 ಓಟ ಗಳಿಸಿದ್ದರು. ಭಾರತ ಲಾರ್ಡ್ಸ್ ಮೈದಾನದ ಅಂತಿಮ ಪಂದ್ಯದಲ್ಲಿ 9 ಓಟಗಳಿಂದ ಸೋತಿತಾದರೂ ಆಟಗಾರ್ತಿಯರಿಗೆ ದೇಶಾದ್ಯಂತ ಸನ್ಮಾನಗಳು ನಡೆದವು. ಮಂಡಳಿ ತಲಾ 50 ಲಕ್ಷ ರೂಪಾಯಿ ಬಹುಮಾನ ಘೋಷಿಸಿತು. ಆ ಸಂದರ್ಭದಲ್ಲಿ ಕಾರನ್ನು ಕಾಣಿಕೆಯಾಗಿ ನೀಡಲು ಬಂದಾಗ, ತನ್ನ ಕುಟುಂಬಕ್ಕೆ ಕಾರಿಗಿಂತ ಮನೆಯ ಅಗತ್ಯವಿದೆ ಎಂದು ರಾಜೇಶ್ವರಿ ಹೇಳಿದುದನ್ನು ಪತ್ರಿಕೆಗಳು ವರದಿ ಮಾಡಿದವು. ಮೂರು ವರ್ಷಗಳಿಗೂ ಹೆಚ್ಚು ಕಾಲ ದೇಶವನ್ನು ಪ್ರತಿನಿಧಿಸಿದ್ದ ಕ್ರೀಡಾಪಟುವಿನ ಈ ಮಾತು ಸನ್ಮಾನಕ್ಕೂ ಸಂಭಾವನೆಗೂ ಇರುವ ವ್ಯತ್ಯಾಸವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಸನ್ಮಾನ ಕೊಡುವವರ ಇಚ್ಛೆಗೆ ಸೇರಿದ್ದು. ಸಂಭಾವನೆ ದುಡಿದವರ ಹಕ್ಕು.

2022ರ ಅಕ್ಟೋಬರ್ 27ರಂದು ಮಂಡಳಿಯು ಮಹಿಳೆಯರಿಗೂ ಪುರುಷರಿಗೂ ಸಮಾನ ಪಂದ್ಯ ಶುಲ್ಕವನ್ನು ಘೋಷಿಸಿತು. ಟೆಸ್ಟ್ ಪಂದ್ಯಕ್ಕೆ 15 ಲಕ್ಷ, ಏಕದಿನ ಪಂದ್ಯಕ್ಕೆ 6 ಲಕ್ಷ, ಟಿ20 ಪಂದ್ಯಕ್ಕೆ 3 ಲಕ್ಷ ರೂಪಾಯಿ. ಅದುವರೆಗೆ ಸೀಮಿತ ಓವರುಗಳ ಪಂದ್ಯಕ್ಕೆ ಮಹಿಳೆಯರಿಗೆ ದೊರೆಯುತ್ತಿದ್ದುದು 1 ಲಕ್ಷ ರೂಪಾಯಿ. ಕೆಲವೇ ತಿಂಗಳ ಹಿಂದೆ ನ್ಯೂಜಿಲೆಂಡ್ ಇಂತಹ ಕ್ರಮವನ್ನು ಕೈಗೊಂಡಿತ್ತು. ಇದಕ್ಕೂ ಮೊದಲು ಭಾರತದಲ್ಲಿ ಸ್ಕ್ವಾಷ್ ಆಟಗಾರ್ತಿ ದೀಪಿಕಾ ಪಳ್ಳಿಕಲ್ ಬಹುಮಾನದ ಮೊತ್ತದ ತಾರತಮ್ಯವನ್ನು ಪ್ರತಿಭಟಿಸಿ ವರ್ಷಗಳ ಕಾಲ ರಾಷ್ಟ್ರೀಯ ಪಂದ್ಯಾವಳಿಯಿಂದ ದೂರ ಉಳಿದು, 2016ರಲ್ಲಿ ಸಮಾನ ಬಹುಮಾನ ಬಂದ ಮೇಲೆ ಮರಳಿದ್ದರು ಎಂಬುದನ್ನು ಇಲ್ಲಿ ನೆನೆಯಬೇಕು.

ಪ್ರಸಾರ ಮತ್ತು ಧ್ವನಿ

ಆಟದ ಆದಾಯದ ಮುಖ್ಯ ಮೂಲ ಪ್ರಸಾರದ ಹಕ್ಕು. ಆದುದರಿಂದ ವೇತನದ ಚರಿತ್ರೆಯನ್ನು ಪ್ರಸಾರದ ಚರಿತ್ರೆಯಿಂದ ಬೇರ್ಪಡಿಸಲಾಗದು. ಭಾರತದಲ್ಲಿ ಕ್ರಿಕೆಟ್ ವೀಕ್ಷಕ ವಿವರಣೆ ನೀಡಿದ ಮೊದಲ ಮಹಿಳೆಯೆಂದು ಹೆಸರಾದವರು ಸಿ.ಕೆ. ನಾಯುಡು ಅವರ ಮಗಳು ಚಂದ್ರಾ ನಾಯುಡು. 1977ರಲ್ಲಿ ಇಂದೋರಿನಲ್ಲಿ ಮುಂಬಯಿ ಹಾಗೂ ಎಂ.ಸಿ.ಸಿ. ತಂಡಗಳ ನಡುವಣ ಪಂದ್ಯಕ್ಕೆ ಅವರು ವಿವರಣೆ ನೀಡಿದರು. ವೃತ್ತಿಯಿಂದ ಅವರು ಇಂಗ್ಲಿಷ್ ಅಧ್ಯಾಪಕಿ. ಆಟಗಾರ್ತಿಯರಂತೆ ಅವರಿಗೂ ಕ್ರೀಡೆಯು ಅನ್ನದ ದಾರಿಯಾಗಿರಲಿಲ್ಲ. ಬಹುಕಾಲ ಕ್ರಿಕೆಟ್ ಪ್ರಸಾರದಲ್ಲಿ ಮಹಿಳೆಯರ ಪಾಲು ನಿರೂಪಣೆಗೆ ಸೀಮಿತವಾಗಿತ್ತು. ಆಟದ ವಿಶ್ಲೇಷಣೆ ಗಂಡಸರ ಕೆಲಸವೆನಿಸಿತ್ತು. ಹೊಲದಲ್ಲಿದ್ದ ಕೆಲಸದ ವಿಂಗಡಣೆ ಇಲ್ಲಿಯೂ ಇತ್ತು. ಮುಂದೆ ಐಪಿಎಲ್‌ನಲ್ಲಿ ಅಂಜುಮ್ ಚೋಪ್ರಾ, ಈಶಾ ಗುಹಾ, ಲಿಸಾ ಸ್ಥಳೇಕರ್, ಮೆಲನಿ ಜೋನ್ಸ್ ಮೊದಲಾದ ಮಾಜಿ ಆಟಗಾರ್ತಿಯರು ವಿವರಣಾ ಮಂಡಳಿಗೆ ಬಂದರು. ಕರ್ನಾಟಕದ ವೇದಾ ಕೃಷ್ಣಮೂರ್ತಿ ಅವರೂ ವಿವರಣಾಕಾರರಾದರು.

ಪ್ರಸಾರ ಕ್ಷೇತ್ರದ ಸಂಭಾವನೆ ಬಹುತೇಕ ವೈಯಕ್ತಿಕ ಗುತ್ತಿಗೆಗಳ ಮೂಲಕ ನಿಗದಿಯಾಗುವುದರಿಂದ ತಾರತಮ್ಯ ಸುಲಭವಾಗಿ ಬೆಳಕಿಗೆ ಬರುವುದಿಲ್ಲ. ಬ್ರಿಟನ್ನಿನ ಬಿಬಿಸಿ 2017ರಲ್ಲಿ ತನ್ನ ಹೆಚ್ಚು ವೇತನದವರ ಪಟ್ಟಿಯನ್ನು ಪ್ರಕಟಿಸಬೇಕಾಗಿ ಬಂದಾಗ ಮಾತ್ರ ಅಂತರ ಬಯಲಾಯಿತು. ವಿಂಬಲ್ಡನ್ ಪ್ರಸಾರಕ್ಕೆ ತನಗೆ ಸುಮಾರು 15,000 ಪೌಂಡ್ ದೊರೆತರೆ ಜಾನ್ ಮೆಕೆನ್ರೋ ಅವರಿಗೆ ಕನಿಷ್ಠ 1,50,000 ಪೌಂಡ್ ದೊರೆಯುತ್ತಿತ್ತೆಂದು ಮಾರ್ಟಿನಾ ನವ್ರಾಟಿಲೋವಾ 2018ರಲ್ಲಿ ತಿಳಿಸಿದರು. ಮೆಕೆನ್ರೋ ಅವರ ಪಾತ್ರ ಬೇರೆ, ಅವರು ಹೆಚ್ಚು ಬಾರಿ ಕಾಣಿಸಿಕೊಳ್ಳುತ್ತಾರೆ ಎಂಬುದು ಸಂಸ್ಥೆಯ ಉತ್ತರವಾಗಿತ್ತು. 2020ರಲ್ಲಿ ಸಮೀರಾ ಅಹ್ಮದ್ ಅವರು ಅದೇ ಸಂಸ್ಥೆಯ ವಿರುದ್ಧ ಉದ್ಯೋಗ ನ್ಯಾಯಮಂಡಳಿಯಲ್ಲಿ ಜಯ ಪಡೆದರು. ವೇತನ ಗುಟ್ಟಾಗಿರುವವರೆಗೆ ಸಮಾನತೆಯ ಹಕ್ಕನ್ನು ಚಲಾಯಿಸಲಾಗದು ಎಂಬುದು ಈ ಪ್ರಕರಣಗಳ ಸಾರ.

ಮಹಿಳೆಯರ ಆಟಕ್ಕೆ ನೋಡುಗರಿಲ್ಲ, ಆದುದರಿಂದ ಆದಾಯವಿಲ್ಲ ಎಂಬ ವಾದ ಬಹುಕಾಲ ಚಲಾವಣೆಯಲ್ಲಿತ್ತು. ಪ್ರಸಾರವೇ ಆಗದ ಆಟಕ್ಕೆ ನೋಡುಗರನ್ನು ಎಣಿಸುವುದು ಹೇಗೆ? 2017ರ ವಿಶ್ವಕಪ್ ವ್ಯಾಪಕವಾಗಿ ಪ್ರಸಾರವಾದಾಗ ಭಾರತದಲ್ಲಿ 15.6 ಕೋಟಿ ಜನ ಅದನ್ನು ನೋಡಿದರೆಂದು, ಅವರಲ್ಲಿ 8 ಕೋಟಿ ಜನ ಗ್ರಾಮೀಣ ಪ್ರದೇಶದವರೆಂದು ಅಂತಾರಾಷ್ಟ್ರೀಯ ಕ್ರಿಕೆಟ್ ಸಮಿತಿ ಪ್ರಕಟಿಸಿತು. ನೋಡುಗರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಹಳ್ಳಿಗಳಲ್ಲಿದ್ದರು ಎಂಬುದು ಗಮನಿಸತಕ್ಕ ಅಂಶ.

ದರವೂ ದಿನಗಳೂ

2023ರಲ್ಲಿ ಆರಂಭವಾದ ಮಹಿಳಾ ಪ್ರೀಮಿಯರ್ ಲೀಗ್‌ನ ಐದು ವರ್ಷಗಳ ಪ್ರಸಾರ ಹಕ್ಕು 951 ಕೋಟಿ ರೂಪಾಯಿಗೆ ಮಾರಾಟವಾಯಿತು. ಐದು ತಂಡಗಳು 4,669.99 ಕೋಟಿ ರೂಪಾಯಿಗೆ ಹರಾಜಾದವು. ಬೆಂಗಳೂರು ತಂಡ ಸ್ಮೃತಿ ಮಂಧಾನಾ ಅವರನ್ನು 3.40 ಕೋಟಿ ರೂಪಾಯಿಗೆ ಪಡೆದು, 2024ರಲ್ಲಿ ಪ್ರಶಸ್ತಿಯನ್ನೂ ಗೆದ್ದಿತು. ಆ ಅಂತಿಮ ಪಂದ್ಯದಲ್ಲಿ ಕರ್ನಾಟಕದ ಶ್ರೇಯಾಂಕಾ ಪಾಟೀಲ್ 12 ಓಟಗಳಿಗೆ 4 ಹುದ್ದರಿ ಪಡೆದರು. ಪುರುಷರ ಐಪಿಎಲ್‌ನ 2023–27ರ ಪ್ರಸಾರ ಹಕ್ಕಿನ ಮೊತ್ತ 48,390 ಕೋಟಿ ರೂಪಾಯಿ. ಒಟ್ಟು ಮೊತ್ತದಲ್ಲಿ ಅಂತರ ಸುಮಾರು 51 ಪಟ್ಟು. ಪಂದ್ಯವೊಂದಕ್ಕೆ ಲೆಕ್ಕ ಹಾಕಿದರೆ ಮಹಿಳೆಯರದು 7.09 ಕೋಟಿ, ಪುರುಷರದು ಸುಮಾರು 118 ಕೋಟಿ. ಅಂದರೆ ಅಂತರ ಸುಮಾರು 17 ಪಟ್ಟು. ಉಳಿದ ಅಂತರ ಹುಟ್ಟುವುದು ಪಂದ್ಯಗಳ ಸಂಖ್ಯೆಯಿಂದ. ಪುರುಷರಿಗೆ ಮೂರು ಪಂದ್ಯಗಳಿದ್ದರೆ ಮಹಿಳೆಯರಿಗೆ ಒಂದು ಎಂಬುದು ಇದರ ಅರ್ಥ.

ಟೆಸ್ಟ್ ಕ್ರಿಕೆಟ್‌ನಲ್ಲಿ ಇದು ಇನ್ನೂ ನಿಚ್ಚಳ. 2014ರ ನವೆಂಬರಿನಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ದಕ್ಷಿಣ ಆಫ್ರಿಕವನ್ನು ಮಣಿಸಿದ ಭಾರತದ ಮಹಿಳಾ ತಂಡಕ್ಕೆ ಮುಂದಿನ ಟೆಸ್ಟ್ ಪಂದ್ಯ ದೊರೆತುದು 2021ರ ಜೂನ್‌ನಲ್ಲಿ. ಗೆದ್ದ ತಂಡವೊಂದು ಆರೂವರೆ ವರ್ಷ ಟೆಸ್ಟ್ ಆಡದೆ ಉಳಿಯಿತು. ಸಮಾನ ಶುಲ್ಕ ಘೋಷಣೆಯಾದ 2022ರ ಅಕ್ಟೋಬರಿನಿಂದ 2025ರ ಕೊನೆಯವರೆಗೆ ಮಹಿಳೆಯರು ಆಡಿದುದು ಮೂರು ಟೆಸ್ಟ್. ಪುರುಷರು ಆಡಿದುದು ಮೂವತ್ತಕ್ಕೂ ಹೆಚ್ಚು. ಟೆಸ್ಟ್ ಒಂದಕ್ಕೆ 15 ಲಕ್ಷ ರೂಪಾಯಿ ಎಂಬ ದರ ಇಬ್ಬರಿಗೂ ಒಂದೇ. ಆದರೆ ಶೂನ್ಯ ಪಂದ್ಯಗಳ ವರ್ಷದಲ್ಲಿ ಸಮಾನ ದರದ ಮೊತ್ತವೂ ಶೂನ್ಯವೇ.

ಸಮಾನ ದರ ಮೇಲಿನ ಹದಿನೈದು ಮಂದಿಗೆ ಅನ್ವಯವಾದಾಗ ಕೆಳಗಿನ ಹಂತದವರ ಸ್ಥಿತಿಯೇನೆಂಬುದು ಇನ್ನೊಂದು ಪ್ರಶ್ನೆ. 2021ರ ಪರಿಷ್ಕರಣೆಯಲ್ಲಿ ದೇಶೀಯ ಹಿರಿಯ ಪುರುಷ ಆಟಗಾರರಿಗೆ ದಿನಕ್ಕೆ 40,000ದಿಂದ 60,000 ರೂಪಾಯಿ ನಿಗದಿಯಾದರೆ, ಹಿರಿಯ ಮಹಿಳೆಯರಿಗೆ 12,500ರಿಂದ ಏರಿಸಿ 20,000 ರೂಪಾಯಿ ನಿಗದಿಪಡಿಸಲಾಯಿತು. ವಿಜಯಪುರ, ಕಲಬುರಗಿ, ಯಾದಗಿರಿಗಳಂತಹ ಜಿಲ್ಲೆಯ ಹುಡುಗಿ ಆ ಪರಿಷ್ಕರಣೆಯ ನಂತರ ರಾಜ್ಯ ತಂಡಕ್ಕೆ ಬಂದರೆ ಅವಳು ಕಾಣುತ್ತಿದ್ದುದು ಈ ದರವನ್ನೇ. ನಿವೃತ್ತರಿಗೆ 2022ರಲ್ಲಿ ಪರಿಷ್ಕರಿಸಿದ ಮಾಸಿಕ ಪಿಂಚಣಿಯಲ್ಲಿಯೂ ಮಾಜಿ ಅಂತಾರಾಷ್ಟ್ರೀಯ ಆಟಗಾರ್ತಿಯರಿಗೆ 52,500 ರೂಪಾಯಿ, ಮಾಜಿ ಟೆಸ್ಟ್ ಆಟಗಾರರಿಗೆ 60,000 ರೂಪಾಯಿ ಎಂಬ ಭೇದ ಉಳಿಯಿತು. 1976ರಲ್ಲಿ ಶುಲ್ಕವಿಲ್ಲದೆ ಆಡಿದವರ ಮಟ್ಟಿಗೆ ಈ ಪಿಂಚಣಿಯೇ ತಡವಾಗಿ ಬಂದ ಕೂಲಿ.

2025ರ ನವೆಂಬರ್ 2ರಂದು ನವಿ ಮುಂಬಯಿಯಲ್ಲಿ ದಕ್ಷಿಣ ಆಫ್ರಿಕವನ್ನು 52 ಓಟಗಳಿಂದ ಸೋಲಿಸಿ ಭಾರತದ ಮಹಿಳೆಯರು ಮೊದಲ ಬಾರಿಗೆ ವಿಶ್ವಕಪ್ ಗೆದ್ದರು. ಆ ಪಂದ್ಯಾವಳಿಯ ಒಟ್ಟು ಬಹುಮಾನ 138.8 ಲಕ್ಷ ಡಾಲರ್. 2023ರ ಪುರುಷರ ವಿಶ್ವಕಪ್‌ನದು 100 ಲಕ್ಷ ಡಾಲರ್. ಮೊತ್ತದಲ್ಲಿ ಮಹಿಳೆಯರದು ಹೆಚ್ಚಾದ ಅಪರೂಪದ ಸಂದರ್ಭವಿದು. ಟೆಸ್ಟ್ ಯುಗವನ್ನು ಆರಂಭಿಸಿದ ನಾಯಕಿಯನ್ನು ಕೊಟ್ಟ ಕರ್ನಾಟಕದ ಒಬ್ಬ ಆಟಗಾರ್ತಿಯೂ ಆ ವಿಜೇತ ತಂಡದಲ್ಲಿ ಇರಲಿಲ್ಲ ಎಂಬುದು ರಾಜ್ಯದ ಮಟ್ಟಿಗೆ ಚಿಂತನೀಯ.

ಸಮಾರೋಪ

ಮೇಲಿನ ಪರಿಶೀಲನೆಯಿಂದ ಮೂರು ಅಂಶಗಳು ಹೊರಪಡುತ್ತವೆ. ಮೊದಲನೆಯದಾಗಿ, ತಾರತಮ್ಯವು ನೇರವಾದ ಎರಡು ದರಗಳಿಂದ ಮಾತ್ರವಲ್ಲದೆ ಕೆಲಸದ, ಸಂಸ್ಥೆಯ, ಪಾತ್ರದ ವಿಂಗಡಣೆಯಿಂದಲೂ ನೆಲೆಗೊಂಡಿದೆ. ಎರಡನೆಯದಾಗಿ, ಸಂಭಾವನೆಯ ವಿವರಗಳು ಬಹಿರಂಗವಾಗಿ, ಹೋಲಿಕೆ ಸಾಧ್ಯವಾದಾಗಲೇ ಸಮಾನತೆಯ ಬೇಡಿಕೆ ಬಲ ಪಡೆದಿದೆ. ಉದ್ಯೋಗ ಖಾತರಿಯ ಅಧಿಸೂಚಿತ ದರ ಹಾಗೂ ಮಂಡಳಿಯ ಪ್ರಕಟಿತ ಶುಲ್ಕ ಎರಡೂ ಇದಕ್ಕೆ ನಿದರ್ಶನ. ಮೂರನೆಯದಾಗಿ, ದರ ಸಮವಾದ ಮೇಲೆಯೂ ದುಡಿಮೆಯ ದಿನಗಳು ಸಮವಾಗದಿದ್ದರೆ ಗಳಿಕೆ ಸಮವಾಗುವುದಿಲ್ಲ.

ಗೋಗಿಯ ಹೊಲದ ಹೆಣ್ಣಾಳಿಗೂ ರಾಜ್ಯ ತಂಡದ ಆಟಗಾರ್ತಿಗೂ ಗಳಿಕೆಯಲ್ಲಿ ಹೋಲಿಕೆಯಿಲ್ಲ. ಆದರೆ ಅವರಿಬ್ಬರ ಪ್ರಶ್ನೆ ಒಂದೇ. ನಮ್ಮ ದಿನವನ್ನು ಅಳೆಯುವ ತಕ್ಕಡಿ ಬೇರೆಯೇಕೆ, ನಮಗೆ ಸಿಗುವ ದಿನಗಳು ಕಡಿಮೆಯೇಕೆ ಎಂಬುದೇ ಆ ಪ್ರಶ್ನೆ. ಕೊಟ್ಟಣದ ಸೋಮಮ್ಮನ ಹೆಸರಿನಲ್ಲಿ ಕೊಟ್ಟಣಕ್ಕೆ ಗೌರವ ತಂದ ನಾಡು, ಆ ಗೌರವವನ್ನು ಲೆಕ್ಕದ ಪುಸ್ತಕಕ್ಕೆ ಇಳಿಸುವ ಕೆಲಸವನ್ನು ಇನ್ನೂ ಪೂರ್ಣಗೊಳಿಸಿಲ್ಲ. ಅರಸರ ಸಮಾಧಿಗಳನ್ನು ಅಧ್ಯಯನ ಮಾಡಿದಷ್ಟೇ ಶ್ರದ್ಧೆಯಿಂದ ಗ್ರಾಮ ಪಂಚಾಯಿತಿಗಳ ಹಾಜರಿ ಪಟ್ಟಿಗಳನ್ನು, ಕ್ರೀಡಾ ಸಂಸ್ಥೆಗಳ ವೇತನ ಪಟ್ಟಿಗಳನ್ನು ಸಂರಕ್ಷಿಸಿ ಅಧ್ಯಯನ ಮಾಡಿದಲ್ಲಿ ಈ ಪ್ರದೇಶದ ಚರಿತ್ರೆ ಇನ್ನಷ್ಟು ಪೂರ್ಣವಾಗುವುದು.